ಅವರೆ ಸಿಪ್ಪೆಯೊಳಗಿನ ಸೂಜಿ

ಸೂಜಿ ಚುಚ್ಚಿದ್ದಕ್ಕೆ ಭೀಮರಾಜನಿಗೆ ಅಷ್ಟು ಸಿಟ್ಟಿಲ್ಲ. ಕೆಲಸ ಹೋಗಿದ್ದಕ್ಕೂ ಇಲ್ಲ; ಕಸ ಎತ್ತುವ ಕೆಲಸ ಹೋಯಿತೆಂದು ಕೂತು ಅಳುವ ಗಂಡಸು ಎರ್ರಚೆರುವುಪಲ್ಲಿಯಲ್ಲಿ ಇನ್ನೂ ಹುಟ್ಟಿಲ್ಲ. ಅವನ ಎದೆಯಲ್ಲಿ ಇವತ್ತಿಗೂ ಬೂದಿ ಮುಚ್ಚಿದ ಕೆಂಡದ ಹಾಗೆ ಇರುವುದು ಊರವರ ಒಂದೇ ಒಂದು ಮಾತು: 'ಭೀಮನೇ ಬಾಯಿ ಬಿಟ್ಟಿದ್ದು.'

ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರು ಇದನ್ನೇ ಅನ್ನುತ್ತಾರೆ. ಬಸ್ಸಿಗೆ ಕಾಯುವವರು ಇದನ್ನೇ ಅನ್ನುತ್ತಾರೆ. ಅವನು ಹತ್ತಿರ ಬಂದರೆ ಮಾತು ನಿಲ್ಲಿಸಿ ಟೊಮೆಟೊ ರೇಟು ಕೇಳುತ್ತಾರೆ. ಅವನ ಬಾಯಿ ದೊಡ್ಡದು, ಅದನ್ನು ಅವನೂ ಇಲ್ಲ ಅನ್ನುವುದಿಲ್ಲ. ಅವನಪ್ಪನ ಬಾಯೂ ದೊಡ್ಡದಿತ್ತು. ಆದರೆ ಆ ಒಂದು ವಿಷಯದಲ್ಲಿ ಅವನು ತುಟಿ ಬಿಚ್ಚಲಿಲ್ಲ, ಹೆಂಡತಿಯ ಹತ್ತಿರ ಕೂಡ ಬಿಚ್ಚಲಿಲ್ಲ. ಹುಟ್ಟಿದಾಗಿನಿಂದ ಒಂದೇ ಸಲ ಬಾಯಿ ಮುಚ್ಚಿಕೊಂಡ ಮನುಷ್ಯನಿಗೆ ಬಾಯಿ ಬಿಟ್ಟವನೆಂಬ ಹೆಸರು ಕಟ್ಟಿದರಲ್ಲ, ಇದಕ್ಕೆ ಯಾವ ದೇವರ ಮುಂದೆ ಹೋಗಿ ಕರ್ಪೂರ ಹಚ್ಚಬೇಕು ಹೇಳಿ.

ಎರ್ರಚೆರುವುಪಲ್ಲಿ ಅಂದರೆ ರಾಯಲ್ಪಾಡಿನಿಂದ ಶ್ರೀನಿವಾಸಪುರಕ್ಕೆ ಬರುವಾಗ ಮಾವಿನ ತೋಪುಗಳ ನಡುವೆ ಸಿಗುವ ಊರು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ನಿಂತರೆ ಎರಡೂ. ಪಂಚಾಯ್ತಿಗೆ ಸರ್ಕಾರದವರು ಒಂದು ಕಸದ ಆಟೋ ಕೊಟ್ಟಿದ್ದರು. ಅದನ್ನು ಓಡಿಸುವವಳು ಮುನಿಲಕ್ಷ್ಮಿ. ಮಹಿಳಾ ಸಂಘದ ಕಡೆಯಿಂದ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದವಳು. ಹಿಂದೆ ನಿಂತು ಬಕೆಟ್ಟು ಇಸಿದುಕೊಂಡು ಸುರಿಯುವವನು ಭೀಮರಾಜ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಇಟ್ಟಿಗೆ ಗೂಡು, ಮಾವಿನ ಮಂಡಿ, ಬೋರ್‌ವೆಲ್ ಲಾರಿ ಎಲ್ಲ ಕಡೆ ದುಡಿದು, ಎಲ್ಲ ಕಡೆಯೂ ಜಗಳ ಆಡಿ ಬಿಟ್ಟು ಬಂದವನು. ಕಸದ ಆಟೋದಲ್ಲಿ ಮಾತ್ರ ನಿಂತ. ಇಲ್ಲಿ ಬೈದರೂ ಯಾರೂ ಓಡಿಸುವಂತಿರಲಿಲ್ಲ, ಯಾಕೆಂದರೆ ಅವನ ಜಾಗಕ್ಕೆ ಬರುವವರು ಯಾರೂ ಇರಲಿಲ್ಲ.

"ಲೇ ಮುನಿಲಕ್ಷ್ಮಿ, ನಿಧಾನಕ್ಕೆ ಓಡ್ಸೇ. ಹಿಂದೆ ಇರೋದು ಬರೀ ಕಸ ಅಲ್ಲ, ನಾನೂ ಇದೀನಿ!"

"ಎರಡಕ್ಕೂ ಏನಣ್ಣ ವ್ಯತ್ಯಾಸ?" ಅಂತ ಅವಳು ಕನ್ನಡಿಯಲ್ಲಿ ನೋಡಿ ಗೇರ್ ಹಾಕುವಳು.

ಹೀಗೆ ನಡೆಯುತ್ತಿದ್ದಾಗ ಹೊಸ ನಿಯಮ ಬಂತು. ಪಿಡಿಓ ಚಂದ್ರಮೋಹನ್ ಇಬ್ಬರನ್ನೂ ಕರೆದು ಕೂರಿಸಿಕೊಂಡರು. ಕೆಟ್ಟ ಮನುಷ್ಯ ಅಲ್ಲ. ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ಹೇಳಿ ಕೈ ತೊಳೆದುಕೊಳ್ಳುವ ಮನುಷ್ಯ. ಇನ್ನು ಮೇಲೆ ಆಟೋಗೆ ನಾಲ್ಕು ಡಬ್ಬಿ. ಹಸಿ ಕಸ, ಒಣ ಕಸ, ಪ್ಯಾಡು ಡೈಪರ್‌ಗೆ ಒಂದು. ನಾಲ್ಕನೆಯದಕ್ಕೆ ಮನೆಯಲ್ಲಿ ಮಿಕ್ಕಿದ ಮಾತ್ರೆ, ಔಷಧದ ಬಾಟ್ಲಿ, ಇಂಜೆಕ್ಷನ್ ಸೂಜಿ, ಸುಟ್ಟುಹೋದ ಬಲ್ಬು ಇಂಥವು. ಮನೆಯವರೇ ಬೇರೆ ಮಾಡಿ ಕೊಡಬೇಕು. ಕೊಡದಿದ್ದರೆ ದಂಡ.

"ಸರಿ ಸಾರ್, ನಾಲ್ಕನೇ ಡಬ್ಬಿ ತುಂಬಿದ್ ಮೇಲೆ ಏನ್ ಮಾಡ್ಬೇಕು?" ಎಂದ ಭೀಮರಾಜ.

"ಅದಕ್ಕೆ ಕಲೆಕ್ಷನ್ ಸೆಂಟರ್ ಆಗುತ್ತೆ ಕಣಪ್ಪ. ಅಲ್ಲಿಗೆ ಕೊಡೋದು."

"ಎಲ್ಲಿ ಸಾರ್ ಅದು?"

"ಆಗುತ್ತೆ ಅಂದ್ನಲ್ಲ."

ಆಸ್ಪತ್ರೆ ಕಸಕ್ಕೆ ಮಾತ್ರ ಎಲ್ಲ ಇದೆ ನೋಡಿ. ಅಲ್ಲಿ ಸೂಜಿಗೆ ಗಟ್ಟಿ ಬಿಳಿ ಡಬ್ಬಿ, ಅವಧಿ ಮುಗಿದ ಔಷಧಕ್ಕೆ ಹಳದಿ ಚೀಲ, ಒಯ್ಯಲು ಬೇರೆ ವ್ಯಾನು, ಅದನ್ನು ಮುಟ್ಟುವವನಿಗೆ ಕಾಮಾಲೆ ಬರದ ಹಾಗೆ ಮೊದಲೇ ಲಸಿಕೆ. ಅದೇ ಸೂಜಿ, ಅದೇ ಔಷಧ, ಮನೆಯಲ್ಲಿ ಚುಚ್ಚಿಕೊಂಡರೆ ಮನೆ ಕಸ. ರಕ್ತ ಬದಲಾಗುತ್ತದಾ? ಸೂಜಿಯ ಮೊನೆ ಮೊಂಡಾಗುತ್ತದಾ? ಒಂದು ದಿನ ಭೀಮರಾಜ ಆಸ್ಪತ್ರೆ ಕಸದ ವ್ಯಾನಿಗೆ ಅಡ್ಡ ನಿಂತು, ತುಂಬಿ ಕೂತಿದ್ದ ನಾಲ್ಕನೇ ಡಬ್ಬಿ ತೋರಿಸಿದ್ದ. "ಇದು ಮನೆಯಿಂದ ಬಂದಿದ್ದು. ನಮ್ಮ ಲೈಸೆನ್ಸಿಗೆ ಬರಲ್ಲ ಗುರು, ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ" ಅಂತ ಡ್ರೈವರು ಗ್ಲಾಸು ಏರಿಸಿಕೊಂಡು ಹೋದ. ಕೊನೆಗೆ ಆ ಡಬ್ಬಿಯೂ ಊರಾಚೆ ಗುಂಡಿಗೇ ಬಿತ್ತು, ಬೇರೆ ಕಸದ ಜೊತೆ. ಬೆಳಿಗ್ಗೆ ಬೇರೆ ಮಾಡಿ ಕೊಡಿ ಎಂದು ಬೈದು ಇಸಿದುಕೊಂಡಿದ್ದನ್ನು ಮಧ್ಯಾಹ್ನ ತಾನೇ ಒಟ್ಟಿಗೆ ಸುರಿಯುವಾಗ ಅವನಿಗೆ ತನ್ನ ಮೇಲೇ ಉಗಿಯಬೇಕು ಅನ್ನಿಸುತ್ತಿತ್ತು.

ಇದರಲ್ಲಿ ಅವನದೂ ಒಂದು ತಪ್ಪಿತ್ತು. ನಾಲ್ಕನೇ ಡಬ್ಬಿಯನ್ನು ಆಟೋದ ಪಕ್ಕಕ್ಕೆ, ಎಲ್ಲರಿಗೂ ಕಾಣುವ ಹಾಗೆ ಕಟ್ಟಿದ್ದರು. ಮೊದಲ ವಾರ ಹೆಂಗಸರು ನಂಬಿಕೆಯಿಂದ ಮಾತ್ರೆ ಪಟ್ಟಿ, ಬಾಟ್ಲಿ ತಂದು ಹಾಕಿದರು. ಭೀಮರಾಜನ ಬಾಯಿ ಸುಮ್ಮನಿರಬೇಕಲ್ಲ.

"ಏನ್ ಅಶ್ವತ್ಥಣ್ಣ, ಇಷ್ಟೊಂದು ಗ್ಯಾಸ್ ಮಾತ್ರೆ! ನಿನ್ನ ಹೊಟ್ಟೆಗೊಂದು ಪೈಪ್ ಹಾಕಿದ್ರೆ ನಮ್ಮನೆ ಒಲೆ ಉರೀತಿತ್ತಲ್ಲೋ!"

ಬೀದಿ ಎಲ್ಲ ನಕ್ಕಿತು. ಅಶ್ವತ್ಥಪ್ಪನೂ ನಕ್ಕ. ಆದರೆ ಮಾರನೇ ದಿನ ಅನಸೂಯಮ್ಮನ ಮನೆಯಿಂದ ಮೂರ್ಛೆ ಮಾತ್ರೆಯ ಪಟ್ಟಿ ಬಿತ್ತು. ಭೀಮರಾಜ ಅದನ್ನು ಎತ್ತಿ ಹಿಡಿದು, "ಇದ್ಯಾರಿಗಕ್ಕ?" ಅಂತ ಗಟ್ಟಿಯಾಗಿ ಕೇಳೇಬಿಟ್ಟ. ಅವಳ ಮಗನಿಗೆ ಹೆಣ್ಣು ನೋಡುತ್ತಿದ್ದರು. ಅವತ್ತು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು, ಮತ್ತೆರಡು ದಿನದೊಳಗೆ ಹೆಣ್ಣಿನ ಕಡೆಯವರಿಗೂ. ಈ ಕಡೆಯ ಊರುಗಳಲ್ಲಿ ಸಾಲ ಇದ್ದರೆ ಹೇಳಿಕೊಳ್ಳುತ್ತಾರೆ, ಕೋರ್ಟು ಕೇಸಿದ್ದರೆ ಹೇಳಿಕೊಳ್ಳುತ್ತಾರೆ. ಮದುವೆಗೆ ಬೆಳೆದ ಮಕ್ಕಳಿರುವ ಮನೆಯಲ್ಲಿ ಕಾಯಿಲೆ ಮಾತ್ರ ಹೇಳುವುದಿಲ್ಲ. ಆ ಡಬ್ಬಿಗೆ ಮಾತ್ರೆ ಹಾಕುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ ಅಂತ ಜನಕ್ಕೆ ಅರ್ಥವಾಯಿತು. ಅವತ್ತಿಂದ ನಾಲ್ಕನೇ ಡಬ್ಬಿ ಖಾಲಿ.

"ನಮ್ಮನೇಲಿ ಯಾರಿಗೂ ಕಾಯಿಲೆ ಇಲ್ಲಪ್ಪ" ಎನ್ನುವರು ಎಲ್ಲ ಮನೆಯಲ್ಲೂ. ನಮ್ಮಲ್ಲಿ ಅಂಥ ಕಸವೇ ಬರುವುದಿಲ್ಲವೆಂದು ಪಿಡಿಓ ಮೇಲಕ್ಕೆ ಬರೆದು ಕಳಿಸಿದರು. ಮೇಲಿನವರಿಗೂ ಖುಷಿ. ಕಾಯಿಲೆ ಎಲ್ಲಿಗೆ ಹೋಗುತ್ತದೆ? ಮಾತ್ರೆಗಳು ಮಿಕ್ಕಿದ ಮುದ್ದೆಯೊಳಗೆ ಹೋದವು, ತೆಂಗಿನ ಕರಟದೊಳಗೆ ಹೋದವು, ತಿಪ್ಪೆಯ ಸಗಣಿಯೊಳಗೆ ಹೋದವು.

ಕೋದಂಡರಾಮಪ್ಪನ ಮನೆ ಊರಿನ ನಡುಬೀದಿಯಲ್ಲಿ. ಮಾವಿನ ತೋಪು, ಶ್ರೀನಿವಾಸಪುರದ ಮಂಡಿಯಲ್ಲಿ ಪಾಲು, ಸಿಮೆಂಟಿನ ಆನೆ ಕೂರಿಸಿದ ಗೇಟು. ಹೆಂಡತಿ ಭಾರತಮ್ಮ, ಒಬ್ಬಳೇ ಮಗಳು ವಾಣಿಶ್ರೀ. ಬಿ.ಕಾಂ. ಓದಿದ ಹುಡುಗಿ, ಕಸದ ಆಟೋದ ಹಾಡು ಕೇಳಿದರೆ ತಾನೇ ಬಕೆಟ್ಟು ಹಿಡಿದು ಬಂದು, "ಭೀಮಣ್ಣ, ಇವತ್ತು ಯಾರಿಗ್ ಬೈದೆ?" ಅಂತ ಕೇಳುವವಳು. ಅವನ ಮಗಳು ತ್ರಿವೇಣಿಗಿಂತ ಎರಡು ವರ್ಷ ಚಿಕ್ಕವಳು. ಅವಳ ಮೇಲೆ ಅವನಿಗೆ ಒಂದು ಮಮಕಾರ.

ಅದು ಅವರೆಕಾಯಿ ಕಾಲ. ಮನೆಮನೆಯಲ್ಲೂ ಹಿದುಕಿದ ಬೇಳೆ ಸಾರು, ಆಟೋ ತುಂಬ ಅವರೆ ಸಿಪ್ಪೆ. ಕೋದಂಡರಾಮಪ್ಪನ ಗೇಟಿನ ಮುಂದೆ ಅವತ್ತು ಎರಡು ಕಾರು ನಿಂತಿದ್ದವು. ಮುಳಬಾಗಲು ಕಡೆ ಬೈರಕೂರಿನಿಂದ ಗಂಡಿನವರು ಬಂದಿದ್ದರು. ಹುಡುಗ ಮುರಳಿಮೋಹನ್, ಸರ್ಕಾರಿ ಕೆಲಸ. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ವಾಣಿಶ್ರೀ ಬರಲಿಲ್ಲ, ಭಾರತಮ್ಮನೇ ರೇಷ್ಮೆ ಸೀರೆಯಲ್ಲಿ ಬಂದು ಬಕೆಟ್ಟು ಇಟ್ಟಳು. ಮೇಲೊಂದು ಪ್ಲಾಸ್ಟಿಕ್ ಕವರು ಕಾಣಿಸಿತು. ಅದನ್ನು ತೆಗೆಯಲು ಭೀಮರಾಜ ಸಿಪ್ಪೆಯೊಳಗೆ ಕೈ ಹಾಕಿದ. ಪಂಚಾಯ್ತಿ ಕೊಟ್ಟ ಕೈಗವಸು ಎಂದೋ ಹರಿದಿತ್ತು.

ಹೆಬ್ಬೆರಳಿನ ಬುಡಕ್ಕೆ ಚುರ್ ಅಂತು. ಕೈ ಎತ್ತಿದ. ಒಂದು ಪುಟ್ಟ ಸಿರಿಂಜು ಅಂಗೈಗೆ ನಾಟಿಕೊಂಡು ತೂಗಾಡುತ್ತಿತ್ತು.

ಎಳೆದು ಹಾಕಿದ. ರಕ್ತ ಬಂತು. ಬಾಯಿ ತಾನಾಗಿ ತೆರೆಯಿತು; ಬೈರಕೂರಿನವರಿಗೂ, ಅವರ ಕಾರುಗಳಿಗೂ, ಬೀದಿಯ ಕೊನೆಯ ಮನೆಗೂ ಕೇಳಿಸುವಂಥ ಬೈಗುಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಭಾರತಮ್ಮನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಮಹಡಿಯ ಕಿಟಕಿಯಲ್ಲಿ ವಾಣಿಶ್ರೀ, ಹೂ ಮುಡಿದು, ಎರಡೂ ಕೈಯಿಂದ ಸರಳು ಹಿಡಿದು ನಿಂತಿದ್ದಳು. ಅವಳ ಕಣ್ಣು ಅವನ ಕೈ ಮೇಲಿತ್ತು.

ಇಂಥ ಪುಟ್ಟ ಸಿರಿಂಜನ್ನು ಸಕ್ಕರೆ ಕಾಯಿಲೆಯವರ ಕಸದಲ್ಲಿ ಅವನು ಮೊದಲೂ ಕಂಡಿದ್ದ. ಎಲ್ಲ ಅರ್ಥವಾಯಿತು. ಈ ಹುಡುಗಿಗೆ ಸಕ್ಕರೆ ಕಾಯಿಲೆ. ದಿನಾ ಚುಚ್ಚಿಕೊಳ್ಳಬೇಕಾದ್ದು.

ಭೀಮರಾಜ ಬಾಯಿ ಮುಚ್ಚಿದ. ಅನಸೂಯಮ್ಮನ ಮಗ ಇನ್ನೂ ಮದುವೆಯಾಗದೆ ಓಡಾಡುತ್ತಿದ್ದದ್ದು ಕಣ್ಣ ಮುಂದೆ ಬಂತೋ ಏನೋ. ಸಿರಿಂಜನ್ನು ಸಿಪ್ಪೆಯೊಳಗೆ ತುರುಕಿ ಬಕೆಟ್ಟು ಸುರಿದುಬಿಟ್ಟ.

"ಏನಾಯ್ತಣ್ಣ, ರಕ್ತ?" ಎಂದಳು ಮುನಿಲಕ್ಷ್ಮಿ.

"ಮುಳ್ಳು."

"ಅವರೆಕಾಯಲ್ಲಿ ಮುಳ್ಳಾ?"

"ಲೇ, ಆಟೋ ಬಿಡ್ತೀಯಾ ಇಲ್ಲವಾ?"

ಅವತ್ತೇ ಸಂಜೆ ಊರಿನ ಡಾಕ್ಟರ ಹತ್ತಿರ ಹೋಗಿ, ಮೊಳೆ ಚುಚ್ಚಿತೆಂದು ಹೇಳಿ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡ. ಮನೆಯಲ್ಲಿ ಹೆಂಡತಿ ಶಾಮಲಮ್ಮ ಅರಿಶಿನ ಮೆತ್ತಿದಳು. ಮುಗಿಯಿತು ಅಂದುಕೊಂಡ. ಮೊಳೆಗೂ ಸೂಜಿಗೂ ಒಂದೇ ಮದ್ದು ಎಂದುಕೊಂಡದ್ದೇ ಅವನ ತಪ್ಪು. ಅಂದುಕೊಳ್ಳಬೇಡ ಅಂತ ಹೇಳುವವರೂ ಇರಲಿಲ್ಲ.

ಸಂಕ್ರಾಂತಿ ಆದ ಮೇಲೆ ಕಸದ ಕೆಲಸದವರಿಗೆಲ್ಲ ತಾಲ್ಲೂಕಿನಲ್ಲಿ ಒಂದು ತರಬೇತಿ ಇಟ್ಟರು. ಪಲಾವು, ಒಂದು ಟೋಪಿ, ಮಧ್ಯಾಹ್ನ ಒಬ್ಬ ಮೇಡಂ ಭಾಷಣ. ಆಯಮ್ಮ ಸೂಜಿ ವಿಷಯ ತೆಗೆದಳು. ಬಳಸಿದ ಸೂಜಿ ಚುಚ್ಚಿದರೆ ಏಡ್ಸ್ ಬರಬಹುದು, ಯಕೃತ್ತು ತಿನ್ನುವ ಕಾಮಾಲೆ ಬರಬಹುದು; ಚುಚ್ಚಿದ ಕೂಡಲೇ ದೊಡ್ಡಾಸ್ಪತ್ರೆಗೆ ಓಡಬೇಕು, ತಡ ಮಾಡಿದರೆ ಅಲ್ಲಿ ಕೊಡುವ ಮದ್ದು ಕೆಲಸ ಮಾಡುವುದಿಲ್ಲ. ಭೀಮರಾಜನ ಕೈಯಲ್ಲಿದ್ದ ಪಲಾವಿನ ತಟ್ಟೆ ಹಾಗೇ ಉಳಿಯಿತು.

ಮಾರನೇ ದಿನವೇ ಕೋಲಾರಕ್ಕೆ ಹೋದ. ಡಾಕ್ಟರು ಸಮಾಧಾನದ ಮನುಷ್ಯ, ಎಲ್ಲ ಕೇಳಿದರು.

"ತಡ ಆಯ್ತಲ್ಲಪ್ಪ. ಈಗ ಒಂದು ಸಲ ರಕ್ತ ನೋಡೋಣ, ಆಮೇಲೆ ಕೆಲವು ತಿಂಗಳು ಬಿಟ್ಟು ಇನ್ನೊಂದು ಸಲ. ಅಲ್ಲೀವರೆಗೂ ಖಚಿತವಾಗಿ ಹೇಳಕ್ಕಾಗಲ್ಲ. ಸೂಜಿ ಯಾರದ್ದು ಅಂತ ಗೊತ್ತಾ?"

"ಗೊತ್ತು ಸಾರ್."

"ಹಾಗಾದ್ರೆ ಸುಲಭ. ಅವರದ್ದು ಒಂದು ರಕ್ತ ಪರೀಕ್ಷೆ ಮಾಡಿಸಿ. ಅವರಿಗೇನೂ ಇಲ್ಲ ಅಂದ್ರೆ ನಿನಗೆ ಅವರಿಂದ ಬರಲ್ಲ. ನೆಮ್ಮದಿಯಾಗಿ ನಿದ್ದೆ ಮಾಡು."

ನೆಮ್ಮದಿ. ಆ ಒಂದು ಮಾತು ಹಿಡಿದುಕೊಂಡು ಬಸ್ಸು ಹತ್ತಿದ. ಮನೆಯಲ್ಲಿ ತ್ರಿವೇಣಿ ಹೆರಿಗೆಗೆ ಬಂದು, ಹೆಣ್ಣು ಕೂಸು ಹೆತ್ತು ಕೋಣೆಯಲ್ಲಿ ಮಲಗಿದ್ದಳು. ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಅವನಿಗೆ ಕೈ ಹೋಗಲಿಲ್ಲ. ತಟ್ಟೆ ಲೋಟ ಬೇರೆ ಮಾಡಿಕೊಂಡ, ಚಾಪೆ ಹೊರಗೆ ಹಾಕಿಕೊಂಡ.

"ಯಾಕಪ್ಪ, ಮಗೂನ ಎತ್ಕೊಳ್ಳಲ್ವಾ? ಹೆಣ್ಣು ಅಂತ ಬೇಜಾರಾ?" ಅಂದಳು ತ್ರಿವೇಣಿ.

"ಕಸ ಮುಟ್ಟಿರೋ ಕೈಯಮ್ಮ" ಅಂದ.

"ನನ್ನನ್ನೂ ಅದೇ ಕೈಲೇ ಎತ್ತಿ ಆಡ್ಸಿದ್ದಲ್ವಾ?" ಎಂದು ಅವಳು ಮುಖ ತಿರುಗಿಸಿಕೊಂಡಳು.

ಒಂದು ಹನಿ ರಕ್ತ. ಅಷ್ಟು ಸಿಕ್ಕರೆ ಕೂಸನ್ನು ಎದೆಗೆ ಹಾಕಿಕೊಳ್ಳಬಹುದು. ಭೀಮರಾಜ ಒಗೆದ ಅಂಗಿ ಹಾಕಿಕೊಂಡು ಕೋದಂಡರಾಮಪ್ಪನ ಮನೆಯ ಹಿತ್ತಿಲ ಬಾಗಿಲಿಗೆ ಹೋದ. ಯಜಮಾನ ಮಂಡಿಗೆ ಹೋಗಿದ್ದ. ಹಿತ್ತಿಲಲ್ಲಿ ಮದುವೆಗೆ ಅಕ್ಕಿ ಒಣಗಿಸಿದ್ದರು.

"ಭಾರತಕ್ಕ, ಒಂದು ಮಾತು."

"ಏನೋ ಭೀಮಾ, ಹಬ್ಬದ ಇನಾಮು ಕೊಟ್ಟಿದ್ದಾಯ್ತಲ್ಲ."

"ಇನಾಮಲ್ಲಕ್ಕ. ಅವತ್ತು ಸೂಜಿ ಚುಚ್ತಲ್ಲ..."

"ಯಾವ ಸೂಜಿ? ನಮ್ಮನೇಲಿ ಯಾವ ಸೂಜೀನೂ ಇಲ್ಲ."

ಭೀಮರಾಜ ಹಲ್ಲು ಕಚ್ಚಿ ಸಿಟ್ಟು ನುಂಗಿದ. ಕೋಲಾರದ ಡಾಕ್ಟರು ಹೇಳಿದ್ದನ್ನು ಹೇಳಿದ. ಮಗಳು ಒಂದು ಸಲ ಶ್ರೀನಿವಾಸಪುರದ ಲ್ಯಾಬಿಗೆ ಬಂದು ರಕ್ತ ಕೊಟ್ಟರೆ ಸಾಕು, ನಾನು ರಸ್ತೆಯಾಚೆ ನಿಂತಿರುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದ.

"ಏಮಿರಾ, ನನ್ನ ಮಗಳಿಗೆ ಏಡ್ಸ್ ಟೆಸ್ಟ್ ಮಾಡ್ಸಬೇಕಾ? ಲಗ್ನಪತ್ರಿಕೆ ಹಂಚಿರೋ ಮನೇಲಿ ನಿಂತು ಈ ಮಾತಾಡ್ತೀಯಲ್ಲ, ನಾಲಿಗೆ ಸೀಳಿಸ್ತೀನಿ! ಇಂಜೆಕ್ಷನ್ನು ನಮ್ಮನೇದು ಅಂತ ಏನ್ ಸಾಕ್ಷಿ? ನಿನ್ನ ಗಾಡೀಲಿ ಊರ್ ಕಸ ಎಲ್ಲಾ ಇರುತ್ತೆ."

"ನಿಮ್ಮ ಬಕೆಟ್ಟಲ್ಲೇ ಚುಚ್ಚಿದ್ದು, ನಿಮ್ಮ ಕಣ್ಣೆದುರಿಗೆ! ನಾನು ಪಂಚಾಯ್ತಿಗೆ ಬರೆದು ಕೊಟ್ರೆ ದಂಡ ಬೀಳುತ್ತೆ ಗೊತ್ತಾ?"

"ಬರಿ" ಎಂದಳು ಭಾರತಮ್ಮ. ದನಿ ಒಮ್ಮೆಗೇ ಸಣ್ಣದಾಯಿತು. "ಬರಿಯಪ್ಪ. ಬರೆದು ನಿನ್ನ ಕೈಯಾರೆ ಆ ಹುಡುಗಿ ಕುತ್ತಿಗೆ ಹಿಸುಕು. ಅದೂ ಒಂದು ಪುಣ್ಯದ ಕೆಲಸ ಮಾಡು."

ದೊಡ್ಡ ದನಿಗೆ ದೊಡ್ಡ ದನಿ ಅವನ ಹತ್ತಿರ ಇತ್ತು. ಈ ಸಣ್ಣ ದನಿಗೆ ಏನೂ ಇರಲಿಲ್ಲ. ತಿರುಗಿ ನಡೆದ.

ತೋಪಿನ ಬೇಲಿಯ ಹತ್ತಿರ ಬರುವಾಗ ಹಿಂದೆ ಚಪ್ಪಲಿ ಸದ್ದು. ವಾಣಿಶ್ರೀ. ಓಡಿ ಬಂದು ಉಸಿರು ಬಿಡುತ್ತಿದ್ದಳು.

"ಭೀಮಣ್ಣ, ಅಮ್ಮನ ಮಾತಿಗೆ ಬೇಜಾರು ಮಾಡ್ಕೋಬೇಡ. ರಕ್ತ ನಾನು ಕೊಡ್ತೀನಿ."

"ಯಾವಾಗವ್ವ?"

"ಈಗ ಆಗಲ್ಲ. ಅಮ್ಮ ಒಂದ್ ನಿಮಿಷ ಬಿಡ್ತಿಲ್ಲ. ಮದುವೆ ಆಗಿ ಮೊದಲನೇ ಸಲ ತವರಿಗೆ ಬರ್ತೀನಲ್ಲ, ಆ ಶುಕ್ರವಾರ. ಶ್ರೀನಿವಾಸಪುರದಲ್ಲಿ ಬಸ್ ಇಳಿದು ಲ್ಯಾಬಲ್ಲಿ ಕೊಟ್ಟೇ ಊರಿಗೆ ಬರ್ತೀನಿ. ನೀನು ಬಸ್ ಸ್ಟ್ಯಾಂಡ್ ಹತ್ರ ಇರು. ನನ್ನಾಣೆ."

"ಹುಡುಗನಿಗೆ ಹೇಳಿದ್ದೀಯಾ?"

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಆಮೇಲೆ ಕೇಳಿದಳು: "ಅಲ್ಲಿ ಸೂಜಿ ಎಲ್ಲಿ ಬಿಸಾಕ್ಲಿ ಭೀಮಣ್ಣ? ತುಂಬಿದ ಮನೆಯಂತೆ. ಯಾರಾದ್ರೂ ನೋಡ್ತಾರೆ."

ನಿದ್ದೆಯಿಲ್ಲದ ಕಣ್ಣು, ಭಾರತಮ್ಮನ ಮಾತಿನ ಉರಿ, ಎಲ್ಲ ಸೇರಿ ಅವನ ಸಿಟ್ಟು ತಪ್ಪು ಜಾಗದಲ್ಲಿ ಒಡೆಯಿತು. "ಎಲ್ಲೂ ಬಿಸಾಕ್ಬೇಡ ತಾಯಿ! ನೀನು ಎಲ್ಲಿ ಬಿಸಾಕಿದ್ರೂ ಅದು ಬರೋದು ನನ್ನಂಥೋನ ಕೈಗೇ. ಅಲ್ಲೂ ಯಾವನೋ ಒಬ್ಬ ಭೀಮ ಇರ್ತಾನೆ."

"ಆಯ್ತಣ್ಣ" ಅಂದಳು. ಹೋದಳು.

ಮಾಘ ಮಾಸದಲ್ಲಿ ಮದುವೆ ಆಯಿತು. ಶ್ರೀನಿವಾಸಪುರದ ಛತ್ರ, ಎರಡು ಬಗೆ ಪಾಯಸ. ಮಿಕ್ಕಿದ ಎಲೆ ಎತ್ತಲು ಭೀಮರಾಜನೂ ಮುನಿಲಕ್ಷ್ಮಿಯೂ ಹೋಗಿದ್ದರು. ವಾಣಿಶ್ರೀ ದೂರದಿಂದ ಅವನ ಕಡೆ ನೋಡಿ ಒಂದು ಸಲ ತಲೆ ಆಡಿಸಿದಳು. ಮರೆತಿಲ್ಲ ಎನ್ನುವ ಹಾಗೆ.

ಹೇಳಿದ ಶುಕ್ರವಾರ ಅವನು ಕೆಲಸಕ್ಕೆ ರಜೆ ಹಾಕಿ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತ. ಮುಳಬಾಗಲಿಂದ ಬಸ್ಸುಗಳು ಬಂದವು. ಹಳ್ಳಿಯವರು ಇಳಿದರು, ಕೋಳಿ ಬುಟ್ಟಿ ಇಳಿಯಿತು, ಕಾಲೇಜು ಮಕ್ಕಳು ಇಳಿದರು. ಅವಳು ಇಳಿಯಲಿಲ್ಲ. ಹೊಸ ಮದುಮಗಳನ್ನು ಯಾರು ಬಸ್ಸಿನಲ್ಲಿ ಕಳಿಸುತ್ತಾರೆ, ಕಾರಿನಲ್ಲಿ ಹೋಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡು, ಹೊತ್ತು ಮುಳುಗುವ ಮೊದಲು ಊರಿಗೆ ವಾಪಸ್ಸಾದ. ಊರಿಗೂ ಬಂದಿರಲಿಲ್ಲ. ಅವಳನ್ನು ಬೈರಕೂರಿನಿಂದ ಕೋಲಾರದ ಒಂದು ಆಸ್ಪತ್ರೆಗೆ ಒಯ್ದಿದ್ದರು.

ಆಮೇಲೆ ಗೊತ್ತಾದದ್ದು ಇಷ್ಟು. ಆ ಮನೆಯಲ್ಲಿ ಹೊಸ ಸೊಸೆಯನ್ನು ಒಂದು ಗಳಿಗೆ ಒಂಟಿ ಬಿಡಲಿಲ್ಲ. ನಾದಿನಿಯರು, ಅವರ ಮಕ್ಕಳು, ಆರತಿ, ದಿನಾ ಒಬ್ಬರ ಮನೆಯ ಔತಣ, ಹೋಳಿಗೆ ಮೇಲೆ ಹೋಳಿಗೆ. ಇಡೀ ಮನೆಗೆ ಒಂದೇ ಬಚ್ಚಲು. ಒಳಗೆ ಸ್ವಲ್ಪ ಹೊತ್ತಾದರೆ ಬಾಗಿಲು ತಟ್ಟುವರು. ಹುಡುಗಿ ಮೊದಲು ದಿನಕ್ಕೆ ಒಂದು ಸಲ ಚುಚ್ಚಿಕೊಂಡಳು, ಆಮೇಲೆ ಅದೂ ತಪ್ಪಿತು. ವಾಂತಿ ಶುರುವಾದಾಗ ಮದುವೆ ಊಟ ಒಗ್ಗಲಿಲ್ಲ ಎಂದರು. ಮೇಲುಸಿರು ಬಂದಾಗ ದೃಷ್ಟಿ ತಾಕಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅತ್ತೆ ಕೆಟ್ಟವಳೇನಲ್ಲ, ನಿತ್ರಾಣ ಆಗಿದೆಯಲ್ಲ ಎಂದು ಗ್ಲೂಕೋಸ್ ಪುಡಿ ಕಲಸಿ ಕುಡಿಸಿದಳಂತೆ. ಹುಡುಗಿ ಅದನ್ನೂ ಬೇಡ ಅನ್ನದೆ ಕುಡಿದಳಂತೆ.

ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರವಾಗಲೇ ಇಲ್ಲ. ಡಾಕ್ಟರು ಬಂದು ಸಕ್ಕರೆ ಕಾಯಿಲೆ ಎಂದಾಗ ಮುರಳಿಮೋಹನ್ ಗೋಡೆಗೆ ಒರಗಿ ಕುಸಿದು, "ನಮಗೆ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ ಅತ್ತೆ? ನಾನೇ ಇಂಜೆಕ್ಷನ್ ಹಾಕ್ತಿದ್ದೆ" ಅಂತ ಭಾರತಮ್ಮನನ್ನು ಕೇಳಿದನಂತೆ. ಈ ಮಾತನ್ನು ಪಕ್ಕದ ಮಂಚದವರೂ ಕೇಳಿಸಿಕೊಂಡಿದ್ದರು; ಕೋದಂಡರಾಮಪ್ಪ ಮಾತ್ರ ಆಗ ದುಡ್ಡು ಕಟ್ಟಲು ಹೋಗಿದ್ದ.

ಹನ್ನೊಂದನೇ ದಿನದ ತಿಥಿ ಆದ ಮೇಲೆ ಬೈರಕೂರಿನವರು ಅವಳ ಸೂಟ್‌ಕೇಸನ್ನು ತಂದು ಜಗಲಿಯ ಮೇಲಿಟ್ಟು, ನೀರು ಕೂಡ ಕುಡಿಯದೆ ಹೋದರು. ಅದರಲ್ಲಿ ಸೀರೆಗಳ ನಡುವೆ ಹಾಲಿನ ಪುಡಿಯ ಒಂದು ಡಬ್ಬಿ. ಬಳಸಿದ ಸೂಜಿಗಳೆಲ್ಲ ಅದರಲ್ಲಿ ಇದ್ದವು, ಒಂದೊಂದಕ್ಕೂ ಮುಚ್ಚಳ ಹಾಕಿ, ಮೇಲೆ ಬಟ್ಟೆ ಸುತ್ತಿ. ಒಂದನ್ನೂ ಎಲ್ಲೂ ಎಸೆದಿರಲಿಲ್ಲ.

ಡಬ್ಬಿಯನ್ನು ಭಾರತಮ್ಮನೇ ಆಟೋಗೆ ತಂದಳು. ಸೆರಗು ಹೊದ್ದು, ನಡುಬೀದಿಯಲ್ಲಿ, ಎಲ್ಲರೂ ನೋಡುತ್ತಿದ್ದಾಗ ನಾಲ್ಕನೇ ಡಬ್ಬಿಯೊಳಗೆ ಇಟ್ಟಳು. ಇನ್ನು ಮುಚ್ಚಿಡುವುದೇನಿತ್ತು? ಭೀಮರಾಜನ ಮುಖ ನೋಡಲಿಲ್ಲ. ಸೂಜಿಯಲ್ಲಿ ಅಂಟಿದ್ದ ರಕ್ತವಾದರೂ ಪರೀಕ್ಷೆಗೆ ಬರುತ್ತದಾ ಅಂತ ಒಂದು ಕ್ಷಣ ಅವನ ಮನಸ್ಸಿಗೆ ಬಂದು, ಛೀ ಎನಿಸಿತು.

ಕೋದಂಡರಾಮಪ್ಪ ಅವನನ್ನು ಪಂಚಾಯ್ತಿ ಕಟ್ಟೆಯ ಮುಂದೆ ಹಿಡಿದ. ಹೆಂಡತಿ ಹಿತ್ತಿಲಲ್ಲಿ ಭೀಮನ ಜೊತೆ ಮಾತಾಡಿದ್ದನ್ನು ಯಾರೋ ಕಿವಿಗೆ ಹಾಕಿದ್ದರು. ಮಗಳು ಹೋದವನಿಗೆ ಯಾರನ್ನಾದರೂ ಹಿಡಿದು ಬಡಿಯಬೇಕಿತ್ತು.

"ನೀನೇ ಕಣೋ ಹೇಳಿದ್ದು! ಬೈರಕೂರಿಗೆ ಸುದ್ದಿ ಮುಟ್ಟಿಸಿದೋನು ನೀನು. ಅವರು ಗೊತ್ತಾಗಿ ಹಿಂಸೆ ಕೊಟ್ರು, ಇಂಜೆಕ್ಷನ್ ತಗೊಳ್ಳೋಕೆ ಬಿಡ್ಲಿಲ್ಲ. ನನ್ನ ಮಗಳನ್ನ ತಿಂದೆಯಲ್ಲೋ!"

"ಯಜಮಾನ್ರೇ, ನಮ್ಮವ್ವನ ಮೇಲಾಣೆ..."

"ನಿನ್ನ ಬಾಯಿ ನಂಬೋಕಾಗುತ್ತೇನೋ? ಅನಸೂಯಮ್ಮನ ಮಗನ ಸಂಬಂಧ ಮುರಿದಿದ್ದು ಯಾರು? ಊರು ಮರ್ತಿದೆಯಾ?"

ಭೀಮರಾಜ ಜನರ ನಡುವೆ ಭಾರತಮ್ಮನನ್ನು ಹುಡುಕಿದ. ಅವಳು ಕಟ್ಟೆಯ ಕಂಬಕ್ಕೆ ಒರಗಿ ನಿಂತಿದ್ದಳು. ಅಳಿಯ ಆಸ್ಪತ್ರೆಯಲ್ಲಿ ಏನು ಕೇಳಿದನೆಂದು ಅವಳಿಗೆ ಗೊತ್ತು. ಬೈರಕೂರಿನವರಿಗೆ ಕೊನೆಯವರೆಗೂ ಏನೂ ಗೊತ್ತಿರಲಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. 'ಇಲ್ಲ, ಇವನು ಹೇಳಿಲ್ಲ' ಎನ್ನಲು ಎಷ್ಟು ಉಸಿರು ಬೇಕು?

"ಭಾರತಕ್ಕ, ಹೇಳಕ್ಕ" ಎಂದ ಭೀಮರಾಜ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಮನೆಯ ಕಡೆ ನಡೆದಳು. ಹೇಳಿದರೆ, ಹಾಗಾದರೆ ತಪ್ಪು ಯಾರದು ಎಂದು ಗಂಡ ಮುಂದಿನ ಪ್ರಶ್ನೆ ಕೇಳುತ್ತಾನಲ್ಲ. ಭೀಮರಾಜ ಒಳ್ಳೆಯ ಸಿಟ್ಟಿನಲ್ಲಿ ಎರಡು ಮಾತು ಕೂಗಿಬಿಡಬಹುದಿತ್ತು. ಕೂಗಲಿಲ್ಲ. ಹೆತ್ತ ಹೊಟ್ಟೆಯ ಮೇಲೆ ಇನ್ನೊಂದು ಕಲ್ಲು ಯಾಕೆ ಎನಿಸಿತೋ, ಕೂಗಿದರೂ ಯಾರೂ ನಂಬುವುದಿಲ್ಲ ಎಂದು ಗೊತ್ತಾಯಿತೋ.

ವಾರದೊಳಗೆ ಆಟೋದಿಂದ ಅವನನ್ನು ಇಳಿಸಿದರು. ಸೂಜಿ ಚುಚ್ಚಿದ್ದಕ್ಕೆ ಏನಾದರೂ ಆಸರೆ ಸಿಗುತ್ತದಾ ಎಂದು ಪಿಡಿಓ ಚಂದ್ರಮೋಹನ್ ಹತ್ತಿರ ಹೋಗಿ ನಿಂತ. ಅವರು ನಿಜವಾಗಿಯೂ ಪುಸ್ತಕ ತೆಗೆದು ನೋಡಿದರು.

"ಆಸ್ಪತ್ರೆ ಕಸ ಆಗಿದ್ರೆ ಒಂದು ದಾರಿ ಇತ್ತಪ್ಪ. ಇದು ಮನೆ ಕಸ. ಬೇರೆ ಮಾಡಿ ಕೊಡದೇ ಇದ್ದಿದ್ದು ಮನೆಯವರ ತಪ್ಪು ಅಂತ ಬರುತ್ತೆ. ಯಾರ ಮನೆ ಅಂತ ನೀನು ಬರೆದು ಕೊಡಬೇಕು."

"ಅದೊಂದು ಕೇಳ್ಬೇಡಿ ಸಾರ್."

"ಮತ್ತೆ ನಮ್ಮ ರೆಕಾರ್ಡಲ್ಲಿ ಈ ಊರಲ್ಲಿ ಅಂಥ ಕಸವೇ ಇಲ್ವಲ್ಲ" ಎಂದರು. ಅವರ ದನಿಯಲ್ಲಿ ವ್ಯಂಗ್ಯವೇನೂ ಇರಲಿಲ್ಲ.

ಮಾವು ಕಾಯಿ ಕಟ್ಟುವ ಹೊತ್ತಿಗೆ ತ್ರಿವೇಣಿ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಟಳು. ಬಸ್ಸಿನ ಕಿಟಕಿಯಿಂದ ಕೂಸಿನ ಕಾಲು ಹೊರಗೆ ಬಂದಿತ್ತು. ಶಾಮಲಮ್ಮ ಆ ಕಾಲು ಹಿಡಿದು ಮುತ್ತು ಕೊಟ್ಟಳು. ಭೀಮರಾಜ ಬ್ಯಾಗು ಮೇಲೆ ಹಾಕಿ ದೂರ ಸರಿದ.

ಕೊನೆಯ ಪರೀಕ್ಷೆಗೆ ಕೋಲಾರಕ್ಕೆ ಒಬ್ಬನೇ ಹೋದ. ಅದೇ ಡಾಕ್ಟರು. ಚೀಟಿಯನ್ನು ಎರಡು ಸಲ ನೋಡಿ ಕುರ್ಚಿ ತೋರಿಸಿದರು. ಏಡ್ಸ್ ಇಲ್ಲ, ಆದರೆ ಕಾಮಾಲೆಯ ರೋಗಾಣು ರಕ್ತದಲ್ಲಿದೆ ಎಂದರು. ಯಕೃತ್ತಿಗೆ ಪೆಟ್ಟು ಬೀಳುತ್ತಾ ಹೋಗಬಹುದು, ಮಾತ್ರೆ ಇದೆ, ಬಹಳ ವರ್ಷ ತೆಗೆದುಕೊಳ್ಳಬೇಕಾಗಬಹುದು, ಹೆಂಡತಿಯನ್ನೂ ಕರೆದುಕೊಂಡು ಬಾ ಎಂದರು.

"ಇದು ಆ ಸೂಜಿಯಿಂದಲೇ ಬಂದಿದ್ದಾ ಸಾರ್?"

"ಹೇಗೆ ಹೇಳೋದಪ್ಪ? ಮೊದಲ್ನೇ ಸಲ ನೀನು ಬಂದಾಗ್ಲೇ ತಡ ಆಗಿತ್ತು, ಅವತ್ತು ರಕ್ತದಲ್ಲಿ ನೋಡಿದ್ದೂ ಏಡ್ಸ್ ಮಾತ್ರ. ಎಷ್ಟು ವರ್ಷದಿಂದ ಕಸ ಎತ್ತಿದ್ದೀಯ, ಹಳೇದೂ ಇರಬಹುದು. ಆ ಸೂಜಿಯವರ ರಕ್ತ ನೋಡಿದ್ರೆ ಗೊತ್ತಾಗ್ತಿತ್ತು. ಮಾಡಿಸ್ತೀನಿ ಅಂದಿದ್ಯಲ್ಲ?"

"ಕೊಡ್ತೀನಿ ಅಂದಿದ್ರು ಸಾರ್."

"ಮತ್ತೆ?"

"ಕೊಡ್ಲಿಲ್ಲ."

ಡಾಕ್ಟರು ಚೀಟಿ ಮಡಿಸಿ ಅವನ ಕೈಗೆ ಕೊಟ್ಟರು. ಹೊರಗೆ ಮುಂದಿನವರ ಹೆಸರು ಕೂಗುತ್ತಿದ್ದರು.